ಸೆಲ್ಫ್ ಎಳೆಯುತ್ತಿಲ್ಲ ಅಂದರೆ ಬ್ಯಾಟರಿಯೇ ಹೋಗಿರಬೇಕೆಂದಿಲ್ಲ

ಕೀಲಿ ತಿರುಗಿಸಿದ ತಕ್ಷಣ ಇಂಜಿನ್ ಚುರುಕಾಗಿ ತಿರುಗಬೇಕು. ನಮ್ಮ ಕಾರಿನಲ್ಲಿ ಅದು 'ಉಂಯ್... ಉಂಯ್... ಉಂಯ್' ಅಂತ ಏದುಸಿರು ಬಿಡುತ್ತಾ ತಿರುಗೋಕೆ ಶುರುವಾಗಿತ್ತು. ಕೊನೆಗೆ ಸ್ಟಾರ್ಟ್ ಆಗುತ್ತಿತ್ತು, ಆದರೆ ಪ್ರತಿ ಸಲ ಎದೆ ಡವಡವ. ಕಾರು 2012ರ ಮಾಡೆಲ್, ಪೆಟ್ರೋಲ್ ಹ್ಯಾಚ್‌ಬ್ಯಾಕ್. ಅಕ್ಕನ ಮನೆ ಚಿತ್ರದುರ್ಗದಲ್ಲಿದೆ, ಹಾಗಾಗಿ ದಾವಣಗೆರೆಯಿಂದ ಅಲ್ಲಿಗೆ ಆಗಾಗ ಓಡಾಟ. ಅಪ್ಪಾಜಿಯನ್ನು ಕೂರಿಸಿಕೊಂಡು ಹೈವೇಗೆ ಇಳಿದರೆ ಪೆಟ್ರೋಲ್ ಬಂಕ್ ಬಂದಾಗಲೇ ಚಿಂತೆ. ಅಲ್ಲಿ ಇಂಜಿನ್ ಆಫ್ ಮಾಡಲೇಬೇಕಲ್ಲ, ಮತ್ತೆ ಏಳುತ್ತೋ ಇಲ್ವೋ ಅಂತ.

ಯಾರಿಗೆ ಹೇಳಿದರೂ ಒಂದೇ ಉತ್ತರ: ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ. ಒಂದು ಗ್ಯಾರೇಜಿನಲ್ಲಿ ಬಾನೆಟ್ ಕೂಡ ಎತ್ತದೆ ರೇಟ್ ಹೇಳಿದರು, ಐದು ಸಾವಿರ ಚಿಲ್ಲರೆ. ಇನ್ನೊಂದು ಕಡೆ ಸೆಲ್ಫ್ ಮೋಟರನ್ನೇ, ಅಂದರೆ ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರನ್ನೇ, ಬದಲಾಯಿಸಿಬಿಡೋಣ ಅಂದರು. ಇಬ್ಬರೂ ಮೀಟರ್ ಮುಟ್ಟಲಿಲ್ಲ. ಬ್ಯಾಟರಿ ಹಾಕಿಸಿ ಎರಡು ವರ್ಷವೂ ಆಗಿರಲಿಲ್ಲ. ಅಳೆದು ನೋಡದೆ ಒಂದು ಬೋಲ್ಟನ್ನೂ ಬದಲಾಯಿಸಲ್ಲ ಅಂತ ನಾನು ತೀರ್ಮಾನ ಮಾಡಿದೆ. ಕೈಯಲ್ಲಿ ಸಾಧಾರಣ ಮಲ್ಟಿಮೀಟರ್ ಇತ್ತು. ಈ ಕೆಲಸಕ್ಕೆ ಅದು ಧಾರಾಳ ಸಾಕು.

ಮೀಟರಿಗೂ ಮೊದಲು ಕಿವಿ. ಸದ್ದಿನಲ್ಲೇ ಅರ್ಧ ಉತ್ತರ ಸಿಗುತ್ತದೆ. 'ಟಕ ಟಕ ಟಕ' ಅಂತ ಬೇಗ ಬೇಗ ಬಡಿದರೆ ಬ್ಯಾಟರಿ ಖಾಲಿ, ಇಲ್ಲವೇ ಟರ್ಮಿನಲ್ ಸಡಿಲ. ಸೊಲೆನಾಯ್ಡ್ (ಮೋಟರಿಗೆ ಕರೆಂಟ್ ಬಿಡುವ ಮ್ಯಾಗ್ನೆಟ್ ಸ್ವಿಚ್) ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಅದು ಬಿಟ್ಟುಬಿಡುತ್ತದೆ, ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಅದಕ್ಕೇ ಆ ಬಡಿತ. ಒಂದೇ ಸಲ 'ಟಕ್' ಅಂದು ಸುಮ್ಮನಾದರೆ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಮೋಟರ್ ಒಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಮೋಟರ್ 'ಗುಂಯ್' ಅಂತ ಹಗುರವಾಗಿ ಓಡಿ ಇಂಜಿನ್ ಮಾತ್ರ ಅಲ್ಲಾಡದಿದ್ದರೆ ಬೆಂಡಿಕ್ಸ್ (ಮೋಟರಿನ ತುದಿಯ ಹಲ್ಲಿನ ಚಕ್ರ) ಇಂಜಿನ್ನಿನ ಫ್ಲೈವೀಲಿಗೆ ಕಚ್ಚುತ್ತಿಲ್ಲ ಅಂತ ಅರ್ಥ. ನಮ್ಮದು ಇವು ಯಾವುದೂ ಅಲ್ಲ. ಎಲ್ಲ ಕೆಲಸ ಮಾಡುತ್ತಿತ್ತು, ನಿಧಾನ ಅಷ್ಟೇ. ಅಂದರೆ ಮೋಟರಿಗೆ ಸಾಕಷ್ಟು ಕರೆಂಟ್ ಮುಟ್ಟುತ್ತಿಲ್ಲ, ಅಥವಾ ಏನೋ ಅದನ್ನು ಹಿಡಿದು ಎಳೆಯುತ್ತಿದೆ.

ಒಂದು ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಬಾನೆಟ್ ಎತ್ತಿದೆ. ಇಂಜಿನ್ ತಣ್ಣಗಿತ್ತು. ಕೈಯ ಉಂಗುರ, ವಾಚ್ ಎರಡನ್ನೂ ತೆಗೆದಿಟ್ಟೆ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಪಾಸಿಟಿವ್ ಮತ್ತು ಬಾಡಿ ನಡುವೆ ಉಂಗುರವೋ ಸ್ಪ್ಯಾನರೋ ಸಿಕ್ಕಿಕೊಂಡರೆ ಕೆಂಡದಂತೆ ಕಾಯುತ್ತದೆ, ಬೆರಳು ಸುಡುತ್ತದೆ. ಪಾಸಿಟಿವ್ ಟರ್ಮಿನಲ್ ಮೇಲೆ ಹಸಿರು ಮಿಶ್ರಿತ ಬಿಳಿ ಪುಡಿ ಕಟ್ಟಿತ್ತು. 10 ನಂಬರ್ ಸ್ಪ್ಯಾನರಿನಲ್ಲಿ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿದೆ. ಹಾಕುವಾಗ ಇದರ ಉಲ್ಟಾ, ನೆಗೆಟಿವ್ ಕೊನೆಗೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಸುರಿದರೆ ಆ ಪುಡಿ ನೊರೆ ನೊರೆಯಾಗಿ ಕರಗಿಹೋಗುತ್ತದೆ. ಸೆಲ್‌ಗಳ ಮುಚ್ಚಳ ಭದ್ರವಾಗಿರಬೇಕು, ಸೋಡಾ ನೀರು ಒಳಗೆ ಹೋದರೆ ಆಸಿಡ್ ಕೆಡುತ್ತದೆ. ಒರೆಸಿ, ಬ್ಯಾಟರಿಯ ಕಂಬವನ್ನೂ ಅದನ್ನು ಹಿಡಿಯುವ ಕೇಬಲ್ ಕ್ಲಾಂಪಿನ ಒಳಗನ್ನೂ ಉಪ್ಪು ಕಾಗದದಲ್ಲಿ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದೆ. ಎಷ್ಟೋ ಕಾರುಗಳ ಕಾಯಿಲೆ ಇಲ್ಲೇ ವಾಸಿಯಾಗುತ್ತದೆ. ನಮ್ಮದು ಆಗಲಿಲ್ಲ.

ಆಮೇಲೆ ಬ್ಯಾಟರಿ. ಇಂಜಿನ್ ರಾತ್ರಿಯೆಲ್ಲ ನಿಂತಿದ್ದ ಮೇಲೆ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ ಅಂತ. 12.2 ಅಂದರೆ ಹೆಚ್ಚು ಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಉಳಿದ ಪರೀಕ್ಷೆ ಆಮೇಲೆ. ನಮ್ಮದು 12.6 ತೋರಿಸಿತು. ಇಂಜಿನ್ ಓಡುವಾಗ 14.2 ಬಂತು, ಅಂದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಡೈನಮೋ ಕೂಡ ಸರಿಯಿದೆ. ಆದರೆ ನಿಂತಿರುವ ಬ್ಯಾಟರಿಯ ವೋಲ್ಟೇಜ್ ನೋಡಿ ಯಾವ ತೀರ್ಪನ್ನೂ ಕೊಡಬಾರದು. ಒಳಗೆ ಒಂದು ಸೆಲ್ ಸೋತಿದ್ದರೂ ಭಾರ ಬೀಳುವ ತನಕ ಗೊತ್ತಾಗುವುದಿಲ್ಲ. ಸೆಲ್ಫ್ ಹೊಡೆಯುತ್ತಿರುವಾಗಲೇ ಅಳೆಯಬೇಕು. ಈ ಮಾತನ್ನು ನಾನು ಎಷ್ಟು ಸಲ ಬೇಕಾದರೂ ಹೇಳಲು ತಯಾರಿದ್ದೇನೆ. ಇಡೀ ಪರೀಕ್ಷೆಯ ಜೀವ ಇರುವುದೇ ಇಲ್ಲಿ.

ಇದಕ್ಕೆ ಇಬ್ಬರು ಬೇಕು. ನನ್ನ ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂತಳು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿದೆ, ಚಕ್ರಕ್ಕೆ ಕಲ್ಲು ಕೊಟ್ಟಿದೆ. ಇಂಜಿನ್ ಸ್ಟಾರ್ಟ್ ಆಗಬಾರದು, ಬರೀ ತಿರುಗಬೇಕು. ಅದಕ್ಕೆ ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದೆ, ಯಾವುದು ಅಂತ ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೇ ಇರುತ್ತದೆ. ಪೈಪಿನಲ್ಲಿ ಉಳಿದ ಪೆಟ್ರೋಲಿಗೆ ಒಂದು ಸಲ ಹತ್ತಿಕೊಂಡು ಆರಿತು, ಆಮೇಲೆ ಬರೀ ತಿರುಗಿತು.

"ಹೊಡೀಲೇನ್ರಿ?"

"ಹೂಂ, ಈಗ ಹೊಡಿ. ನಾನು ಸಾಕು ಅನ್ನೋ ತನಕ ಬಿಡಬೇಡ."

ನಾಲ್ಕೈದು ಸೆಕೆಂಡು ಹೊಡೆಯೋದು, ಅರ್ಧ ನಿಮಿಷವೋ ಒಂದು ನಿಮಿಷವೋ ಬಿಡೋದು. ಒಂದೇ ಸಮ ಹೊಡೆದರೆ ಮೋಟರ್ ಒಳಗೆ ಸುಟ್ಟುಹೋಗುತ್ತದೆ. ಬ್ಯಾಟರಿಯ ಎರಡು ಕಂಬಗಳ ನಡುವೆ 10.4 ಬಂತು. ಇಲ್ಲಿ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಮೇಲೆ ಅನುಮಾನ ಪಡಬಹುದು. 10.4 ಅಂದರೆ ಬ್ಯಾಟರಿ ಗಟ್ಟಿ. ಐದು ಸಾವಿರ ಉಳಿಯಿತು ಅಂತ ಆಗಲೇ ಗೊತ್ತಾಯಿತು.

ಆಮೇಲೆ ಮೋಟರ್ ಹತ್ತಿರ. ಬ್ಯಾಟರಿಯ ಕೇಬಲ್ ಬಂದು ಸೇರುವ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೆ ಮೀಟರಿನ ಕೆಂಪು ವೈರ್, ಮೋಟರಿನ ಬಾಡಿಗೆ ಕಪ್ಪು ವೈರ್. ಸೆಲ್ಫ್ ಹೊಡೆದರೆ 8.9. ಬ್ಯಾಟರಿಯಲ್ಲಿ 10.4 ಇದೆ, ಮೋಟರಿಗೆ ಸಿಗುತ್ತಿರುವುದು 8.9. ಒಂದೂವರೆ ವೋಲ್ಟ್ ದಾರಿಯಲ್ಲೇ ಹೋಗುತ್ತಿದೆ. ಮನೆ ಮೇಲಿನ ಟ್ಯಾಂಕ್ ತುಂಬಿದ್ದರೂ ಪೈಪಿನಲ್ಲಿ ಪಾಚಿ ಕಟ್ಟಿದರೆ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದಲ್ಲ, ಹಾಗೆ.

ಎಲ್ಲಿ ಹೋಗುತ್ತಿದೆ ಅಂತ ಹುಡುಕುವ ವಿಧಾನ ನನಗೆ ತುಂಬಾ ಇಷ್ಟವಾದದ್ದು. ಮೀಟರಿನ ಒಂದು ತುದಿ ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಇನ್ನೊಂದು ತುದಿ ಸೆಲ್ಫ್ ಮೋಟರಿನ ಬೋಲ್ಟಿಗೆ. ಕೇಬಲ್ ಚೆನ್ನಾಗಿದ್ದರೆ ಎರಡೂ ಒಂದೇ ಜಾಗ ಇದ್ದ ಹಾಗೆ, ಮೀಟರ್ ಸೊನ್ನೆಯ ಹತ್ತಿರ ಇರಬೇಕು. ಸೆಲ್ಫ್ ಹೊಡೆದಾಗ ಅದು ಎಷ್ಟು ತೋರಿಸುತ್ತದೋ ಅಷ್ಟು ದಾರಿಯಲ್ಲಿ ಆದ ನಷ್ಟ. ಅರ್ಧ ವೋಲ್ಟಿನವರೆಗೆ ಪರವಾಗಿಲ್ಲ. ನಮ್ಮದು 0.35. ಮೀಟರಿನ ಮೊನೆಯನ್ನು ಸೀಸದ ಕಂಬಕ್ಕೇ ಒತ್ತಬೇಕು, ಕ್ಲಾಂಪಿಗಲ್ಲ. ಕ್ಲಾಂಪಿಗೆ ಇಟ್ಟರೆ ಕಂಬಕ್ಕೂ ಕ್ಲಾಂಪಿಗೂ ನಡುವೆ ಆಗುವ ನಷ್ಟ ಲೆಕ್ಕಕ್ಕೆ ಸಿಗುವುದಿಲ್ಲ.

ಈಗ ನೆಗೆಟಿವ್ ಕಡೆ. ನೆಗೆಟಿವ್ ಕಂಬದಿಂದ ಇಂಜಿನ್ ಬ್ಲಾಕಿನ ತುಕ್ಕಿಲ್ಲದ ಜಾಗಕ್ಕೆ. ಇಲ್ಲಿ 0.2, ಹೆಚ್ಚೆಂದರೆ 0.3 ಇರಬಹುದು. ಹೆಂಡತಿ ಕೀಲಿ ತಿರುಗಿಸಿದಳು. ಮೀಟರ್ 1.15 ಅಂತು. ಮತ್ತೊಂದು ಸಲ ನೋಡಿದೆ, ಅದೇ. ಆ ದಾರಿಯನ್ನೂ ಎರಡು ಭಾಗ ಮಾಡಿದೆ. ಬ್ಯಾಟರಿಯಿಂದ ಕಾರಿನ ಬಾಡಿಗೆ 0.1 ಮಾತ್ರ. ಬಾಡಿಯಿಂದ ಇಂಜಿನ್ನಿಗೆ 1.05. ಕಳ್ಳ ಸಿಕ್ಕಿದ್ದ. ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ.

ಸೆಲ್ಫ್ ಮೋಟರಿಗೆ ಪಾಸಿಟಿವ್ ಮಾತ್ರ ದಪ್ಪ ಕೇಬಲಿನಲ್ಲಿ ಬರುತ್ತದೆ. ವಾಪಸ್ಸು ಹೋಗುವ ಕರೆಂಟಿಗೆ ಇಂಜಿನ್ನೇ ದಾರಿ. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರ್ ಕರೆಂಟ್ ಬಿಡುವುದಿಲ್ಲ. ಹಾಗಾಗಿ ಪೂರ್ತಿ ಹೊರೆ ಆ ಒಂದು ಹೆಣೆದ ತಾಮ್ರದ ಪಟ್ಟಿಯ ಮೇಲೆ. ಅದು ಬ್ಯಾಟರಿಯ ಕೆಳಗೆ, ಕೆಸರು ನೀರು ಎರಚುವ ಜಾಗದಲ್ಲಿ ಇರುತ್ತದೆ. ಯಾರೂ ನೋಡುವುದಿಲ್ಲ. ಬಿಚ್ಚಿ ನೋಡಿದರೆ ಹೊರಗಿನಿಂದ ಬರೀ ಕಪ್ಪಗಾಗಿತ್ತು. ಲಗ್ (ಬೋಲ್ಟಿಗೆ ಸಿಕ್ಕಿಸುವ ತುದಿಯ ಲೋಹದ ಬಳೆ) ಒತ್ತಿದ್ದ ಜಾಗದಲ್ಲಿ ಸ್ವಲ್ಪ ಬಗ್ಗಿಸಿದೆ. ಒಳಗೆಲ್ಲ ಹಸಿರು. ಎಳೆಗಳು ಒಣ ಹುಲ್ಲಿನ ಹಾಗೆ ಪಟಪಟ ಮುರಿದವು. ಬಾಡಿಯ ಬೋಲ್ಟಿನ ಕೆಳಗೆ ಪೇಂಟಿನ ಅಡಿಯಿಂದ ತುಕ್ಕು ಎದ್ದಿತ್ತು.

ತಮಾಷೆ ಏನು ಗೊತ್ತಾ, ಇದೇ ಪಟ್ಟಿಯನ್ನು ಮೀಟರಿನ ಬೀಪ್ ಮೋಡಿನಲ್ಲಿ ಇಟ್ಟರೆ ಜೋರಾಗಿ ಬೀಪ್ ಅನ್ನುತ್ತಿತ್ತು. ರೆಸಿಸ್ಟೆನ್ಸ್ ಎಷ್ಟು ಓಮ್ಸ್ ಅಂತ ನೋಡಿದರೂ ಸೊನ್ನೆ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ 100ರಿಂದ 150 ಆಂಪಿಯರ್ ಎಳೆಯುತ್ತದೆ. 130 ಆಂಪಿಯರಿಗೆ ಒಂದು ವೋಲ್ಟ್ ನಷ್ಟ ಆಗಲು ಒಂದು ಓಮಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ರೆಸಿಸ್ಟೆನ್ಸ್ ಸಾಕು. ನಮ್ಮ ಕೈಯಲ್ಲಿರುವ ಮೀಟರಿಗೆ ಅಷ್ಟು ಸಣ್ಣದು ಕಾಣಿಸುವುದೇ ಇಲ್ಲ. ಒಂದೇ ಒಂದು ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಹೆಡ್‌ಲೈಟ್, ಹಾರ್ನ್ ಎಲ್ಲ ಚೆನ್ನಾಗಿದ್ದುದರಲ್ಲೂ ಆಶ್ಚರ್ಯ ಇಲ್ಲ, ಅವುಗಳ ಅರ್ತ್ ಬಾಡಿಗೇ ಸೇರುತ್ತದೆ, ಈ ಪಟ್ಟಿಯ ದಾರಿಗೆ ಬರುವುದಿಲ್ಲ.

ಪಟ್ಟಿ ಪೂರ್ತಿ ಹಾಳಾದರೆ ಇನ್ನೊಂದು ಅಪಾಯ ಇದೆ. ಕರೆಂಟ್ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಇಂಜಿನ್ನಿನಿಂದ ಬಾಡಿಗೆ ಹೋಗುವ ಆಕ್ಸಿಲರೇಟರ್ ಕೇಬಲ್ಲೋ ಕ್ಲಚ್ ಕೇಬಲ್ಲೋ ಸಿಕ್ಕರೆ ಅದರಲ್ಲೇ ಹರಿಯುತ್ತದೆ, ಕೇಬಲ್ ಕಾಯುತ್ತದೆ, ಒಳಗಿನ ಪ್ಲಾಸ್ಟಿಕ್ ಕರಗಿ ಬಿಗಿಯಾಗುತ್ತದೆ. ಹೊಸ ಕ್ಲಚ್ ಕೇಬಲ್ ಪದೇ ಪದೇ ಹೋಗುತ್ತಿದ್ದರೆ ಅರ್ತ್ ಪಟ್ಟಿಯನ್ನೂ ಒಮ್ಮೆ ನೋಡಿ.

ಹೊಸ ಪಟ್ಟಿ ತರುವ ಮೊದಲು ಖಾತ್ರಿ ಮಾಡಿಕೊಳ್ಳಲು ಹಳೇ ಪಟ್ಟಿಯನ್ನು ಮತ್ತೆ ಸಿಕ್ಕಿಸಿ, ಜಂಪರ್ ಕೇಬಲಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತುದಿ ನೇರ ಇಂಜಿನ್ ಬ್ಲಾಕಿಗೆ ಹಾಕಿದೆ. ಸೆಲ್ಫ್ ಹೊಡೆದ ತಕ್ಷಣ ಸದ್ದೇ ಬದಲಾಯಿತು. ಹೆಂಡತಿ ಒಳಗಿನಿಂದಲೇ, "ಅಯ್ಯೋ, ಹೊಸ ಕಾರಿನ ಥರ ತಿರುಗ್ತಿದೆ ಅಲ್ವಾ!" ಅಂದಳು. ಮೀಟರ್ ಇಲ್ಲದವರೂ ಇದೊಂದನ್ನು ಮಾಡಿ ನೋಡಬಹುದು.

ಅಂಗಡಿಯಲ್ಲಿ 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲಿಗೆ ಎರಡೂ ಕಡೆ ಲಗ್ ಒತ್ತಿಸಿ ತಂದೆ. ಬೋಲ್ಟ್ ಕೂರುವ ಜಾಗವನ್ನು ಬೆಳ್ಳಗೆ ಕಾಣುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿದೆ. ಮತ್ತೆ ಅಳತೆ. ನೆಗೆಟಿವ್ ಕಡೆ 0.2, ಪಾಸಿಟಿವ್ ಕಡೆ 0.4, ಮೋಟರ್ ಹತ್ತಿರ 9.7. ಬ್ಯಾಟರಿ 10.4ರಿಂದ 10.3ಕ್ಕೆ ಇಳಿದಿತ್ತು. ಇದಕ್ಕೆ ಗಾಬರಿ ಬೇಡ. ದಾರಿ ಸಲೀಸಾದ ಮೇಲೆ ಮೋಟರ್ ತನಗೆ ಬೇಕಾದಷ್ಟು ಎಳೆಯುತ್ತಿದೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಬೆಳಗಿನ ಸ್ಟಾರ್ಟ್ ಚೊಕ್ಕವಾಯಿತು. ಆದರೆ ಚಿತ್ರದುರ್ಗಕ್ಕೆ ಹೋಗಿ, ಸುಮಾರು 60 ಕಿಲೋಮೀಟರ್ ಓಡಿದ ಬಿಸಿ ಇಂಜಿನ್ನನ್ನು ಕೋಟೆ ಹತ್ತಿರ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಹೊಡೆದರೆ ಮತ್ತೆ 'ಉಂಯ್... ಉಂಯ್'. ಏಪ್ರಿಲ್ ಬಿಸಿಲು, ಆ ಬಂಡೆಗಳ ಕಾವು ಬೇರೆ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಸೋಮಾರಿ. ಇದು ಬೇರೆಯೇ ಕಾಯಿಲೆ ಅಂತ ಅನ್ನಿಸಿತು.

ಅಕ್ಕನ ಮನೆ ಮುಂದೆ ಇಂಜಿನ್ ಬಿಸಿ ಇರುವಾಗಲೇ ಭಾವನನ್ನು ಕೀಲಿ ಹತ್ತಿರ ಕೂರಿಸಿ ಅಳೆದೆ. ಬ್ಯಾಟರಿ 9.5ಕ್ಕೆ ಕುಸಿಯುತ್ತಿತ್ತು. ಪಾಸಿಟಿವ್ ಕೇಬಲಿನ ನಷ್ಟ 0.4 ಇದ್ದದ್ದು 0.65 ಆಗಿತ್ತು. ನೆಗೆಟಿವ್ ಕಡೆಯೂ 0.3 ಮುಟ್ಟಿತ್ತು. ಕೇಬಲ್ ಅದೇ, ನಷ್ಟ ಎರಡೂ ಕಡೆ ಒಂದೂವರೆ ಪಟ್ಟು. ಬಿಸಿಗೆ ತಾಮ್ರದ ರೆಸಿಸ್ಟೆನ್ಸ್ ಸ್ವಲ್ಪ ಏರುತ್ತದೆ, ಆದರೆ ಇಷ್ಟೊಂದು ಅಲ್ಲ. ಹಾಗಾದರೆ ಕರೆಂಟೇ ಒಂದೂವರೆ ಪಟ್ಟು ಹರಿಯುತ್ತಿದೆ, ಬ್ಯಾಟರಿ 9.6ಕ್ಕಿಂತ ಕೆಳಗಿಳಿದದ್ದೂ ಅದಕ್ಕೇ. ಮೋಟರ್ ಜಾಸ್ತಿ ಕರೆಂಟ್ ತಿನ್ನುತ್ತಿದೆ, ಕಡಿಮೆ ತಿರುಗುತ್ತಿದೆ. ಕೇಬಲ್ ಕೆಟ್ಟಿದ್ದರೆ ಕರೆಂಟ್ ಹೀಗೆ ಏರಲು ಸಾಧ್ಯವೇ ಇಲ್ಲ. ಏರಿದೆ ಅಂದರೆ ಮೋಟರ್ ಒಳಗೋ ಇಂಜಿನ್ ಒಳಗೋ ಏನೋ ಹಿಡಿಯುತ್ತಿದೆ.

ದಾವಣಗೆರೆಗೆ ವಾಪಸ್ ಬಂದು ಹಳೇ ಪಿ.ಬಿ. ರಸ್ತೆ ಕಡೆ ಸೆಲ್ಫ್, ಡೈನಮೋ ಕೆಲಸ ಮಾತ್ರ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಎಲ್ಲರೂ ಅವರನ್ನು ಚಾಚಾ ಅಂತಾರೆ. ಲಾರಿ ಸೆಲ್ಫ್‌ಗಳ ರಾಶಿ ನಡುವೆ ಕೂತಿದ್ದರು. ನನ್ನ ಚೀಟಿಯಲ್ಲಿದ್ದ ಅಂಕಿಗಳನ್ನು ಕನ್ನಡಕ ಏರಿಸಿಕೊಂಡು ಓದಿದರು. ಎದ್ದು ಬಂದು ಬಿಸಿ ಇಂಜಿನ್ನಿನ ಕೇಬಲಿಗೆ, ಸುತ್ತ ಹಿಡಿದೇ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿ ಹೊಡೆಸಿದರು. 210 ಆಂಪಿಯರ್ ಹತ್ತಿರ ಬಂತು.

"ನೋಡ್ರಿ ಸಾರ್, ತಿನ್ನೋದು ಜಾಸ್ತಿ, ತಿರುಗೋದು ಕಮ್ಮಿ. ಒಳಗ ಉಜ್ಜಾಕತ್ತೈತಿ. ಇಂಜಿನ್ ಬಿಗಿ ಐತೇನು ಅಂತ ಮೊದ್ಲು ನೋಡಾಣ, ಆಮ್ಯಾಲೆ ಸೆಲ್ಫ್ ಇಳಿಸಾಣ."

ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಲ್ಲೇ ತಿರುಗಿಸಿದರು. ಸಲೀಸಾಗಿ ಬಂತು. ಆಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿ ಸೆಲ್ಫ್ ಕೆಳಗಿಳಿಸಿದರು.

ಬಿಚ್ಚಿದ ಮೋಟರನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಆರ್ಮೇಚರ್ ಅಂದರೆ ನಡುವೆ ತಿರುಗುವ ಉರುಳೆ. ಸುತ್ತ ಮ್ಯಾಗ್ನೆಟ್‌ಗಳು. ನಡುವಿನ ಸಂದು ಕೂದಲೆಳೆಯಷ್ಟೇ. ಆ ಉರುಳೆಯ ಒಂದು ಬದಿಯಲ್ಲಿ ಬೆಳ್ಳಗೆ ಹೊಳೆಯುವ ಗೀರು, ಬೆರಳಗಲ. ಚಾಚಾ ಹಿಂದಿನ ಬುಷ್ (ಉರುಳೆಯ ಶಾಫ್ಟ್ ಕೂತು ತಿರುಗುವ ಬಳೆ) ಒಳಗೆ ಶಾಫ್ಟ್ ತೂರಿಸಿ ಅಲ್ಲಾಡಿಸಿದರು, ಕಟಕಟ ಅಂತು. ಬುಷ್ ತೂತು ದುಂಡಗಿರಲಿಲ್ಲ, ಮೊಟ್ಟೆಯಾಕಾರಕ್ಕೆ ಸವೆದಿತ್ತು. ತಣ್ಣಗಿದ್ದಾಗ ಹೇಗೋ ಸಂದು ಉಳಿಯುತ್ತಿತ್ತು. ಬಿಸಿಗೆ ಲೋಹ ಹಿಗ್ಗಿದಾಗ ಉರುಳೆ ಮ್ಯಾಗ್ನೆಟ್ಟಿಗೆ ತಾಗುತ್ತಿತ್ತು. ನನ್ನ ಚೀಟಿಯ ಅಂಕಿಗಳಿಗೆಲ್ಲ ಅರ್ಥ ಆ ಗೀರಿನಲ್ಲಿ ಇತ್ತು. ನನಗಂತೂ ಮೈ ಜುಮ್ಮೆಂದಿತು.

ಹೊಸ ಬುಷ್‌ಗಳನ್ನು ಚಾಚಾ ಆಯಿಲಿನ ಡಬ್ಬಿಯಲ್ಲಿ ಅದ್ದಿಟ್ಟರು. ಅದು ಪುಡಿ ಒತ್ತಿ ಮಾಡಿದ ಕಂಚು, ಆಯಿಲ್ ಹೀರಿಕೊಂಡು ಮುಂದೆ ತಾನೇ ಬಿಡುತ್ತಾ ಇರುತ್ತದೆ. ಕಾರ್ಬನ್ ಕೂಡ ಅರ್ಧಕ್ಕಿಂತ ಜಾಸ್ತಿ ಸವೆದಿತ್ತು, ಬದಲಾಯಿಸಿದರು. ಕಾರ್ಬನ್ ಕೂರುವ ತಾಮ್ರದ ಪಟ್ಟಿಗಳನ್ನು ನಯವಾದ ಉಪ್ಪು ಕಾಗದದಲ್ಲಿ ಉಜ್ಜಿ, ಪಟ್ಟಿಗಳ ನಡುವಿನ ಸಂದಿಯಲ್ಲಿ ತುಂಬಿದ್ದ ಕಪ್ಪು ಪುಡಿಯನ್ನು ಸಣ್ಣ ಬ್ಲೇಡಿನಲ್ಲಿ ಕೆರೆದರು. ಅಲ್ಲಿದ್ದ ಹುಡುಗ ಬೆಂಡಿಕ್ಸನ್ನೂ ಪೆಟ್ರೋಲಿಗೆ ಹಾಕಲು ಹೋದಾಗ ಚಾಚಾ ಕೈ ಹಿಡಿದರು. "ಅದನ್ನ ಬಟ್ಟೀಲಿ ಒರ್ಸು ಸಾಕು. ಒಳಗಿನ ಗ್ರೀಸ್ ತೊಳ್ದು ಹೋದ್ರ ಆಮ್ಯಾಲೆ ಜಾರಾಕ ಶುರು ಮಾಡ್ತೈತಿ."

ಕೆಲಸ ಮಾಡುತ್ತಲೇ ಒಂದು ಮಾತು ಹೇಳಿದರು. ಸೆಲ್ಫ್ ಹಿಡಿಯದಿದ್ದರೆ ಜನ ಸುತ್ತಿಗೆಯಲ್ಲಿ ಬಡಿಯುತ್ತಾರಲ್ಲ, ಅದು ಹಳೇ ಕಾಲದ, ಸುರುಳಿ ಸುತ್ತಿದ ಮೋಟರಿಗೆ ನಡೆಯುತ್ತಿತ್ತು. ಈಗಿನ ಸಣ್ಣ ಕಾರಿನ ಸೆಲ್ಫ್ ಒಳಗೆ ಮ್ಯಾಗ್ನೆಟ್ ಇರುತ್ತದೆ, ಬಡಿದರೆ ಬಿರುಕು ಬಿಡುತ್ತದೆ. ಅಂಬಾಸಿಡರ್ ಕಾಲದಲ್ಲಿ ಸೆಲ್ಫ್ ಕೈಕೊಟ್ಟರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರಂತೆ. ಆ ಹ್ಯಾಂಡಲ್ ಉಲ್ಟಾ ಹೊಡೆದು ಕೈ ಮುರಿದುಕೊಂಡವರೂ ಇದ್ದಾರಂತೆ. ಎಲೆಕ್ಟ್ರಿಕ್ ಸೆಲ್ಫ್ 1912ರಲ್ಲೇ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತ್ತು, ಅದನ್ನು ಮಾಡಿದ ಇಂಜಿನಿಯರ್ ಚಾರ್ಲ್ಸ್ ಕೆಟರಿಂಗ್. ಇಷ್ಟು ವರ್ಷವಾದರೂ ಒಳಗಿನ ಮೂಲ ಕೆಲಸ ಅದೇ ಇದೆ ಅನ್ನೋದು ನನಗೆ ಬಹಳ ಖುಷಿ ಕೊಟ್ಟ ವಿಷಯ.

ಜೋಡಿಸಿ ಹಾಕಿದ ಮೇಲೆ ಬಾತಿ ಕೆರೆ ಕಡೆಗೆ ಒಂದು ಸುತ್ತು ಹೋಗಿ ಇಂಜಿನ್ ಚೆನ್ನಾಗಿ ಕಾಯಿಸಿಕೊಂಡು ಬಂದೆವು. ಬಿಸಿಯಲ್ಲೇ ಅಳೆದರೆ 135 ಆಂಪಿಯರ್, ಬ್ಯಾಟರಿಯಲ್ಲಿ 10.2. ಇಂಜಿನ್ ಕೂಡಲೇ ಹತ್ತಿಕೊಂಡಿತು. ಬುಷ್, ಕಾರ್ಬನ್, ಕೂಲಿ ಎಲ್ಲ ಸೇರಿ 1,200 ರೂಪಾಯಿ. ಅರ್ತ್ ಕೇಬಲಿಗೆ 250. ನಾನು ಬ್ಯಾಟರಿ ಬದಲಾಯಿಸಿದ್ದರೆ ಐದು ಸಾವಿರ ಹೋಗಿ ಎರಡು ಕಾಯಿಲೆಯೂ ಹಾಗೇ ಉಳಿಯುತ್ತಿದ್ದವು. ಹೊಸ ಬ್ಯಾಟರಿಯ ಜೋರಿಗೆ ಒಂದೆರಡು ತಿಂಗಳು ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಡೀಸೆಲ್ ಕಾರಿನವರು ಇದೇ ಕ್ರಮದಲ್ಲಿ ನೋಡಬಹುದು. ಆದರೆ ಡೀಸೆಲ್ ಇಂಜಿನ್ ತಿರುಗಿಸಲು ಜಾಸ್ತಿ ಕರೆಂಟ್ ಬೇಕು, 200 ಆಂಪಿಯರ್ ದಾಟುವುದು ಅಲ್ಲಿ ಮಾಮೂಲು. ಹಾಗಾಗಿ ಆಂಪಿಯರಿಗಿಂತ ವೋಲ್ಟೇಜ್ ನಷ್ಟದ ಅಂಕಿಯನ್ನು ನಂಬಿ.

ನಮ್ಮ ಕಾರಿನ ಪಾಸಿಟಿವ್ ಕೇಬಲ್ ಈಗಲೂ 0.4ರಲ್ಲಿದೆ. ಮಿತಿಯ ಒಳಗೇ ಇದೆ, ಆದರೆ ಮಿತಿಯ ಹತ್ತಿರ. ಮಳೆಗಾಲ ಕಳೆದ ಮೇಲೆ ಮತ್ತೆ ಅಳೆಯುತ್ತೇನೆ. 0.5 ದಾಟಿದ್ದರೆ ಅದಕ್ಕೂ 25 ಸ್ಕ್ವೇರ್ ಕೇಬಲ್ ಹಾಕಿಸುವುದು.